ಆಲದ ಮರದ ಹನ್ನೊಂದು ಚೀಲ

ದಿಂಡಿಗಲ್
20 ಜೂನ್ 2025

ದೊಡ್ಡಪ್ಪನಿಗೆ ಇಂದುಜಾ ಮಾಡುವ ನಮಸ್ಕಾರ.

ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ನಿಮ್ಮ ಮಗ ರಾಮ್‌ಕುಮಾರನ ಕೈಲಿ ಹೇಳಿಸಿದರೆ ಅವನು ಅರ್ಧ ಹೇಳಿ ಅರ್ಧ ನುಂಗುತ್ತಾನೆ. ಅದಕ್ಕೇ ಈ ಕಾಗದ. ನಮ್ಮ ಕಣಿವೆಯ ದ್ರಾಕ್ಷಿಯನ್ನು ಮೈಸೂರಿನ ಮಂಡಿಯಲ್ಲಿ ಮಾರುತ್ತಾ ಎಂಟು ವರ್ಷ ಕಳೆದಿರಲ್ಲ, ಅಲ್ಲಿ ಕಲಿತು ಬಂದ ಕನ್ನಡ ಅಕ್ಷರವನ್ನು ನನಗೂ ತಲೆಗೆ ಮೊಟಕಿ ಮೊಟಕಿ ಕಲಿಸಿದಿರಿ. ಅದು ಇವತ್ತು ಕೆಲಸಕ್ಕೆ ಬಂತು.

ಒಂದು ತಿಂಗಳಿಂದ ನನಗೆ ಊಟ ಸೇರುತ್ತಿಲ್ಲ. ಊರೂರಿನಿಂದ ನಮ್ಮ ಆರೋಗ್ಯ ಇಲಾಖೆಯ ಆಫೀಸಿಗೆ ಕಫದ ಡಬ್ಬಿಗಳು ಬಸ್ಸಿನಲ್ಲಿ ಬರುತ್ತವೆ. ಮುಚ್ಚಳ ಸರಿಯಾಗಿ ಹಾಕಿರುವುದಿಲ್ಲ. ಸೋರಿ, ಹೆಸರಿನ ಚೀಟಿಗೆ ಮೆತ್ತಿಕೊಂಡು, ಯಾರದು ಯಾವುದೆಂದು ನಾನು ಗ್ಲೌಸ್ ಹಾಕಿದ ಬೆರಳಲ್ಲಿ ಬಿಡಿಸಿ ಓದಬೇಕು. ಅದನ್ನಾದರೂ ಸಹಿಸಬಹುದು, ನಮ್ಮ ಮೇಲಿನವರನ್ನು ಸಹಿಸಲಾಗುವುದಿಲ್ಲ. ಕೊಂಬೈ ಕಡೆಯ ಒಂಬತ್ತು ಜನಕ್ಕೆ ಒಂದೇ ಥರದ ನ್ಯುಮೋನಿಯಾ. ಮಾಮೂಲಿ ಇಂಜೆಕ್ಷನ್ ಒಂದೂ ನಾಟಲಿಲ್ಲ. ಬಸ್ ಸ್ಟಾಪಿನ ಟೀ ಅಂಗಡಿ ಪಿಚ್ಚೈ ಸತ್ತೇ ಹೋದ. ಇವರು ಫೈಲಿನಲ್ಲಿ ‘ಗಾಳಿಕಾಲದ ಧೂಳು’ ಎಂದು ಬರೆದು ದಾರ ಕಟ್ಟಿಟ್ಟಿದ್ದರು. ಧೂಳಂತೆ! ಓದಿ ನನಗೆ ಉಗಿಯಬೇಕು ಅನ್ನಿಸಿತು.

ಜಗಳ ಮಾಡಿ ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದೆ. ನಿನ್ನೆ ಉತ್ತರ ಬಂತು. ಕ್ಯೂ ಜ್ವರ ಅಂತ. ಅಪರೂಪದ್ದು ಅನ್ನುತ್ತಾರೆ, ಯಾರೂ ಹುಡುಕದ ಕಾರಣಕ್ಕೆ ಅಪರೂಪ. ಇದರ ಬ್ಯಾಕ್ಟೀರಿಯಾ ಆಡು, ಕುರಿ, ಹಸುಗಳ ಹೊಟ್ಟೆಯಲ್ಲಿರುತ್ತದೆ. ಅವು ಈದಾಗ ಅಥವಾ ದಿನ ತುಂಬದೆ ಕಂದು ಹಾಕಿದಾಗ ಮಾಸಿನ ಜೊತೆ ಹೊರಗೆ ಬೀಳುತ್ತದೆ. ಮಾಸು ಒಣಗಿದರೂ ಅದು ಸಾಯುವುದಿಲ್ಲ, ಪುಡಿಯಾಗಿ ಗಾಳಿಯಲ್ಲಿ ಹೋಗಿ ಮನುಷ್ಯರ ಶ್ವಾಸಕೋಶ ಸೇರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಈ ಒಂಬತ್ತು ಜನಕ್ಕೆ ಎಲ್ಲಿಂದ ಬಂತು? ಒಬ್ಬರ ಮನೆಯಲ್ಲೂ ಆಡು ಇಲ್ಲ.

ನಿಮಗೆ ಊರಿನ ಪ್ರತಿ ಕೊಟ್ಟಿಗೆಯೂ ಗೊತ್ತು. ಈ ವರ್ಷ ಯಾರ ಮನೆಯಲ್ಲಾದರೂ ಆಡುಗಳು ಕಂದು ಹಾಕಿದವೇ? ನಿಮ್ಮವು ಹೇಗಿವೆ? ಮುಚ್ಚಿಡದೆ ಬರೆಯಿರಿ. ಬಸುರಿಗೆ ಈ ಜ್ವರ ಬಂದರೆ ಹೊಟ್ಟೆಯಲ್ಲಿರುವ ಮಗುವಿಗೇ ಅಪಾಯ. ರಾಮ್‌ಕುಮಾರನ ಹೆಂಡತಿ, ನಮ್ಮ ಅಮುದಾಳಿಗೆ ಈಗ ಆರು ತಿಂಗಳಲ್ಲವೇ? ಹನ್ನೆರಡು ವರ್ಷ ಕಾದ ಮೇಲೆ ಬಂದ ಬಸಿರು. ಅವಳ ಮುಖವೇ ಕಣ್ಣ ಮುಂದೆ ಬರುತ್ತಿದೆ.

ರಾಜಮ್ಮಾಳ್ ದೊಡ್ಡಮ್ಮನಿಗೆ ನಮಸ್ಕಾರ.

ಇಂದುಜಾ


ಕೊಂಬೈ
27 ಜೂನ್ 2025

ಡಾಕ್ಟರ್ ಇಂದುಜಾ ಅವರಿಗೆ,

ತಮ್ಮ ಕಾಗದ ತಲುಪಿತು. ನಮ್ಮ ಆಡುಗಳು ಚೆನ್ನಾಗಿವೆ. ಬೀದಿಯಲ್ಲಿ ಎಲ್ಲರ ಆಡು, ದನ ಚೆನ್ನಾಗಿವೆ. ಹಟ್ಟಿ ನೋಡಲು ತಾವು ಕಳಿಸಿದ ಮೂವರು ಬಂದಿದ್ದರು. ಜೀಪಿನಿಂದ ಇಳಿಯುವ ಮೊದಲೇ ಮೂಗು ಮುಚ್ಚಿಕೊಂಡರು. ನಿಮ್ಮ ದೊಡ್ಡಮ್ಮ ಮಜ್ಜಿಗೆ ಕೊಟ್ಟರೆ ಲೋಟವನ್ನು ಎರಡು ಬೆರಳಲ್ಲಿ ಹಿಡಿದು, ಆ ಕಡೆ ತಿರುಗಿ ಗಿಡಕ್ಕೆ ಚೆಲ್ಲಿದರು. ನನಗೆ ಕಿವಿ ಕೇಳಿಸದಿರಬಹುದು, ಕಣ್ಣು ಕಾಣಿಸುತ್ತದೆ. ಹಟ್ಟಿಯ ವಾಸನೆಗೆ ಹೇಸುವವರು ಹಟ್ಟಿಯ ಲೆಕ್ಕ ಯಾಕೆ ಕೇಳಬೇಕು? ದಿಂಡಿಗಲ್ಲಿನಲ್ಲಿ ಚರ್ಮ ಹದ ಮಾಡುವ ಕಡೆ ಬಸ್ಸು ನಿಂತಾಗ ನಾವು ಯಾರ ಮುಂದೆಯೂ ಮೂಗು ಮುಚ್ಚಿಲ್ಲ.

ತೇವಾರಂ ರಸ್ತೆಯಲ್ಲಿ ಹೊರಗಿನವರು ಆಡಿನ ಫಾರಂ ಇಟ್ಟಿದ್ದಾರೆ. ನಾನೂರು ಆಡು. ಬೇಕಾದರೆ ಅಲ್ಲಿ ಹೋಗಿ ಕೇಳಬಹುದು.

ಅಮುದಾ ಸುಖವಾಗಿದ್ದಾಳೆ. ಬಿಸಿಲಿಗೆ ಒಂದಿಷ್ಟು ತಲೆನೋವು, ಅಷ್ಟೆ.

ಕರುಪ್ಪಯ್ಯ


ದಿಂಡಿಗಲ್
8 ಜುಲೈ 2025

ದೊಡ್ಡಪ್ಪ,

ನನ್ನನ್ನು ‘ತಾವು’ ಅಂದಿರಿ. ಓದಿ ಸಂಕಟವಾಯಿತು, ಆಮೇಲೆ ಸಿಟ್ಟೂ ಬಂತು. ಆ ಮೂವರ ಪರವಾಗಿ ದೊಡ್ಡಮ್ಮನ ಕ್ಷಮೆ ಕೇಳುತ್ತೇನೆ. ಮಜ್ಜಿಗೆ ಚೆಲ್ಲಿದವನಿಗೆ ಸರಿಯಾಗಿ ಮಂಗಳಾರತಿ ಮಾಡಿದ್ದೇನೆ.

ನೀವು ಹೇಳಿದ ಫಾರಮಿಗೆ ಹೋಗಿದ್ದೆ. ಯಜಮಾನ ಸೆಂಟು ಬಳಿದುಕೊಂಡು ಏಸಿ ರೂಮಿನಲ್ಲಿ ಕೂತಿದ್ದ. ಹಿಂದೆ ಆಡುಗಳು ಮೊಣಕಾಲುದ್ದ ಹಿಕ್ಕೆಯಲ್ಲಿ ನಿಂತಿದ್ದವು. ಅರವತ್ತು ಆಡುಗಳ ರಕ್ತ ತೆಗೆದೆವು. ಒಂದರಲ್ಲೂ ಏನೂ ಇಲ್ಲ. ನನಗೆ ನಿಜವಾಗಿ ಬೇಸರವಾಯಿತು, ಅವನದೇ ತಪ್ಪು ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಗೋಡೆಗೆ ನಮ್ಮೂರಿನ ನಕ್ಷೆ ಅಂಟಿಸಿ ಕಾಯಿಲೆಯವರ ಮನೆಗೆಲ್ಲ ಗುಂಡುಸೂಜಿ ಚುಚ್ಚಿದ್ದೇನೆ. ಗಾಳಿ ಪಡುವಣ ಬೆಟ್ಟದಿಂದ ಮೂಡಣಕ್ಕೆ ಬೀಸುತ್ತದೆ. ಫಾರಂ ಇರುವುದು ಬಡಗಣಕ್ಕೆ. ಅದು ಕೂಡುವುದೇ ಇಲ್ಲ. ಸೂಜಿಗಳೂ ಒಂದು ಕಡೆ ಗುಂಪಾಗಿಲ್ಲ, ಎಲ್ಲ ಬೀದಿಯಲ್ಲೂ ಒಂದೊಂದು. ಏಲಕ್ಕಿ ತೋಟದ ಕೆಲಸಕ್ಕೆ ಬೆಟ್ಟ ಹತ್ತುವ ನಾಲ್ವರು ಹೆಂಗಸರು, ಒಬ್ಬ ಮೇಷ್ಟ್ರು, ಒಬ್ಬ ದ್ರಾಕ್ಷಿ ದಲ್ಲಾಳಿ, ಹೀಗೆ. ಏನು ತಿಂದಿರಿ, ಯಾವ ಹಾಲು ಕುಡಿದಿರಿ, ಯಾವ ಸಂತೆಗೆ ಹೋದಿರಿ ಎಂದು ನಲವತ್ತು ಪ್ರಶ್ನೆ ಕೇಳಿದೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಾಳೆಯಾಗಲಿಲ್ಲ.

ನಿನ್ನೆ ತೇನಿ ಆಸ್ಪತ್ರೆಯ ವಾರ್ಡಿನಲ್ಲಿ ಇದೇ ಜ್ವರಕ್ಕೆ ಮಲಗಿದ್ದ ಕಾರ್ತಿಕಾ ಎಂಬ ನರ್ಸಿಂಗ್ ಓದುವ ಹುಡುಗಿ ಸಿಕ್ಕಳು, ನಮ್ಮ ಮೇಲಿನ ಬೀದಿಯವಳು. ಪ್ರಶ್ನೆಯ ಕಾಗದ ಮಡಚಿ ನಾನು ಎದ್ದ ಮೇಲೆ ಅವಳೇ ಕರೆದು ಹೇಳಿದಳು: “ಅಕ್ಕಾ, ಬಸ್ಸಿಗೆ ಕಾಯ್ತೀವಲ್ಲ, ಅಲ್ಲಿ ಒಂದು ನಾತ ಬರ್ತದೆ ನೋಡು, ತಾಳಕ್ಕಾಗಲ್ಲ. ಆಲದ ಮರದ ಕೆಳಗೆ.”

ಎಲ್ಲರೂ ಅಲ್ಲೇ ಕಾಯುತ್ತಾರೆ, ದೊಡ್ಡಪ್ಪ. ಏಲಕ್ಕಿ ಜೀಪು ನಿಲ್ಲುವುದು ಅಲ್ಲೇ, ಬಸ್ಸೂ ಅಲ್ಲೇ. ಪಿಚ್ಚೈ ಅಲ್ಲಿ ದಿನವಿಡೀ ಟೀ ಕಾಯಿಸುತ್ತಿದ್ದ. ನಲವತ್ತು ಪ್ರಶ್ನೆಯಲ್ಲಿ ‘ಎಲ್ಲಿ ನಿಂತು ಕಾಯುತ್ತೀರಿ’ ಎಂಬ ಒಂದು ಪ್ರಶ್ನೆ ಇರಲಿಲ್ಲ.

ಆ ಮರಕ್ಕೆ ಮಾಸು ಕಟ್ಟುವವರು ನೀವು. ಹಸು ಈದ ಮೇಲೆ ಮಾಸನ್ನು ಒಣಹುಲ್ಲಿನಲ್ಲಿ ಸುತ್ತಿ ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಹಸುವಿಗೂ ಹಾಲು ತುಂಬುತ್ತದೆ ಅನ್ನುತ್ತಾ ಚಿಕ್ಕವಳಿದ್ದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಿರಿ. ಆದರೆ ಚಿತ್ತಿರೈಯಲ್ಲಿ, ಏಪ್ರಿಲ್ ಕೊನೆಗೆ, ನಾನು ಬಂದಾಗ ಮರದಲ್ಲಿ ಹುಲ್ಲಿನ ಗಂಟಿಗಿಂತ ಯೂರಿಯಾ ಚೀಲಗಳೇ ಹೆಚ್ಚಿದ್ದವು. ನಮ್ಮ ಬೀದಿಯಲ್ಲಿ ಈಗ ಅಷ್ಟು ಹಸು ಎಲ್ಲಿವೆ? ಆ ಚೀಲಗಳಲ್ಲಿ ಏನಿದೆ?

ಉತ್ತರ ಬರುವತನಕ ಅಮುದಾ ಆ ಕಡೆ ಸುಳಿಯಬಾರದು. ಅವಳ ತಲೆನೋವು ಬಿಸಿಲಿನದೇ ಎಂದು ಯಾರು ಹೇಳಿದರು?

ಇಂದುಜಾ


ದಿಂಡಿಗಲ್
17 ಜುಲೈ 2025

ದೊಡ್ಡಪ್ಪ,

ಒಂಬತ್ತು ದಿನವಾಯಿತು, ನಿಮ್ಮಿಂದ ಒಂದು ಅಕ್ಷರವಿಲ್ಲ. ರಾಮ್‌ಕುಮಾರನಿಗೆ ಫೋನು ಮಾಡಿದರೆ “ಒಣ್ಣುಮಿಲ್ಲೆಕ್ಕಾ, ಎಲ್ಲಾ ನಲ್ಲಾ ಇರುಕ್ಕು” ಅಂದ, ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಅಂತ. ಅವನು ನಮ್ಮ ಮನೆಮಾತು ಕನ್ನಡ ಬಿಟ್ಟು ತಮಿಳಿಗೆ ಇಳಿದನೆಂದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಅವನ ಹಿಂದೆ ಯಾರೋ ಕೆಮ್ಮುತ್ತಿದ್ದರು. ಹೆಂಗಸಿನ ಕೆಮ್ಮು.

ಈ ವಾರ ಇನ್ನೂ ಮೂವರು ಸೇರಿದರು. ಒಟ್ಟು ಹನ್ನೆರಡು. ನಿಮ್ಮ ಮೌನದಿಂದ ನನಗೆ ವಾಕರಿಕೆ ಬರುತ್ತಿದೆ. ದೊಡ್ಡವರಿಗೆ ಹೀಗೆ ಬರೆಯಬಾರದು, ಗೊತ್ತು. ಬರೆದಿದ್ದೇನೆ.

ಇಂದುಜಾ


ಕೊಂಬೈ
20 ಜುಲೈ 2025

ಮಗಳೇ,

ಕೆಮ್ಮುತ್ತಿದ್ದದ್ದು ಅಮುದಾ. ಈ ಕಾಗದವನ್ನು ನಾನಾಗಿ ಬರೆಯುತ್ತಿಲ್ಲ. ನಿನ್ನ ದೊಡ್ಡಮ್ಮ ಬೆಳಗ್ಗೆ ಪೆನ್ನು ತಂದು ಮುಂದೆ ಎಸೆದು ಕಿವಿಯ ಹತ್ತಿರ ಕೂಗಿದಳು: “ಆ ಪುಳ್ಳೆ ಇಂದುಜಾಗೆ ಬರೀರಿ. ಮಾನಾನ ತಟ್ಟೇಲಿ ಇಕ್ಕೊಂಡು ಉಣ್ತೀರಾ?”

ಫೆಬ್ರವರಿಯ ಮಾಸಿ ತಿಂಗಳಿಂದ ಏಪ್ರಿಲಿನಲ್ಲಿ ಪಂಗುನಿ ಮುಗಿಯುವವರೆಗೆ ನಮ್ಮ ಹಟ್ಟಿಯಲ್ಲಿ ಹನ್ನೊಂದು ಆಡು ಕಂದು ಹಾಕಿದವು. ಒಂದರ ಹಿಂದೆ ಒಂದು. ಸತ್ತ ಮರಿಗಳು ಒಳಗೆ ಸಿಕ್ಕಿಕೊಂಡರೆ ತೆಗೆಯಲು ನನ್ನ ಕೈ ದಪ್ಪ. ಅಮುದಾ ತೆಗೆದುಕೊಟ್ಟಳು. ಆಗ ಅವಳಿಗೆ ಎರಡನೇ ತಿಂಗಳು, ನಮಗಿನ್ನೂ ಹೇಳಿರಲಿಲ್ಲ.

ಆಡಿನ ಮಾಸನ್ನು ನಮ್ಮಲ್ಲಿ ಮರಕ್ಕೆ ಕಟ್ಟುವುದಿಲ್ಲ, ಹೂಳುತ್ತಾರೆ. ನಿನಗೂ ಗೊತ್ತು. ಆದರೆ ಹಿತ್ತಿಲಿಗೆಲ್ಲ ಹೋದ ವರ್ಷ ಸಿಮೆಂಟು ಹಾಕಿಸಿದೆವು. ಹೊರಗೆ ಹೂತರೆ ನಾಯಿ ಕೆದರಿ ಬೀದಿಗೆ ಎಳೆದು ತರುತ್ತದೆ, ಹನ್ನೊಂದು ಆಡು ಕಂದು ಹಾಕಿದ ವಿಷಯ ಊರಿಗೆಲ್ಲ ಗೊತ್ತಾಗುತ್ತದೆ. ನನ್ನ ಕೈ ಒಳ್ಳೆಯ ಕೈ ಎಂದು ಮೂರು ಬೀದಿಯವರು ಮಾಸು ಕಟ್ಟಲು ಕರೆಯುತ್ತಾರೆ. ಅಂಥವನ ಹಟ್ಟಿಯಲ್ಲೇ ಹೀಗಾಯಿತು ಎಂದರೆ? ಇನ್ನೊಂದು ಯೋಚನೆಯೂ ಬಂತು. ಮರ ಹಸುವಿಗೆ ಹಾಲು ಕೊಡುವುದಾದರೆ ಆಡಿನ ಬಸಿರನ್ನು ನಿಲ್ಲಿಸಲಾರದೇ ಅಂತ. ಸತ್ತ ಮರಿಗಳನ್ನೂ ಮಾಸನ್ನೂ ಯೂರಿಯಾ ಚೀಲಕ್ಕೆ ತುಂಬಿ, ಹಸುವಿನದು ಎಂಬ ಹಾಗೆ ಕಟ್ಟಿ ಬಂದೆ. ಹುಲ್ಲಾದರೆ ಹಾಗೇ ಮಣ್ಣಾಗುತ್ತದೆ. ಚೀಲ ಬಿಸಿಲಿಗೆ ಪೊರೆ ಪೊರೆಯಾಗಿ, ಮೇ ತಿಂಗಳ ವೈಕಾಸಿ ಗಾಳಿಗೆ ಹರಿದು, ಒಳಗಿದ್ದದ್ದು ಉದುರತೊಡಗಿತು. ನಾನು ನೋಡಿದೆ. ಪಿಚ್ಚೈ ಟೀ ಗ್ಲಾಸಿನ ಮೇಲೆ ಕೈ ಅಡ್ಡ ಹಿಡಿದು “ಏನ್ ಅಣ್ಣಾ, ಮರ ಹಿಟ್ಟು ಉದುರಿಸ್ತದೆ” ಎಂದು ನಕ್ಕಿದ್ದ. ನಾನೂ ನಕ್ಕೆ.

ನಿನಗೆ ಯಾಕೆ ಹೇಳಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಚಿತ್ತಿರೈಯಲ್ಲಿ ಬಂದಾಗ ನೀನು ಮರದ ಕೆಳಗೆ ಬಸ್ಸಿಳಿದೆ. ನಾನು ಎದುರುಗೊಳ್ಳಲು ನಿಂತಿದ್ದೆ. ನೀನು ಮೇಲೆ ನೋಡಿ, ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, ನನ್ನನ್ನು ದಾಟಿಕೊಂಡು ಹೋದೆ. ಮನೆಗೆ ಬಂದವಳೇ ಆ ದುಪಟ್ಟಾ ಒಗೆದು ಹಾಕಿದೆ, ಹೋಗುವಾಗ ಹಗ್ಗದ ಮೇಲೇ ಬಿಟ್ಟು ಹೋದೆ. ನಮ್ಮ ನೀರಿನಲ್ಲಿ ಒಗೆದರೂ ನಾತ ಹೋಗಿಲ್ಲ ಅಂದುಕೊಂಡಳು ಎಂದುಕೊಂಡೆ. ನಮ್ಮ ಮೇಲೇ ಹೇಸಿಗೆಪಡುವವಳಿಗೆ ನಮ್ಮ ಹಟ್ಟಿಯ ಮಾನ ಒಪ್ಪಿಸುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದೆ.

ಅಮುದಾಳಿಗೆ ಮೂರು ತಿಂಗಳಿಂದ ಜ್ವರ ಬಂದು ಬಂದು ಹೋಗುತ್ತಿದೆ. ಮೆಡಿಕಲ್ ಶಾಪಿನ ಮಾತ್ರೆ ಕೊಡುತ್ತಿದ್ದೆವು. ನಿನ್ನೆಯಿಂದ ಉಸಿರು ಎಳೆಯುತ್ತಾಳೆ. ಬಾ.

ದೊಡ್ಡಪ್ಪ


ತೇನಿ
23 ಜುಲೈ 2025

ದೊಡ್ಡಪ್ಪ,

ಅಮುದಾ ವಾರ್ಡಿನಲ್ಲಿ ಮಲಗಿದ್ದಾಳೆ. ಆಕ್ಸಿಜನ್ ಹಾಕಿದ್ದಾರೆ. ಬಸುರಿಗೆ ಬೇರೆ ಮಾತ್ರೆ ಕೊಡುತ್ತಾರೆ, ಹೆರಿಗೆಯವರೆಗೂ ನುಂಗುತ್ತಿರಬೇಕು. ಮಗುವಿನ ಎದೆಬಡಿತ ಕೇಳಿಸುತ್ತಿದೆ, ಆದರೆ ಬೆಳವಣಿಗೆ ಕಡಿಮೆ. ಉಳಿಯುತ್ತದೆ ಎಂದು ನಾನು ಬರೆಯುವುದಿಲ್ಲ. ನನಗೆ ಗೊತ್ತಿಲ್ಲ.

ನಿಮ್ಮ ಕಾಗದ ಓದಿ ಮೊದಲು ನಿಮ್ಮ ಮೇಲೆ ಹೇಸಿಗೆಯಾಯಿತು. ಒಬ್ಬ ಮನುಷ್ಯ ಸತ್ತ, ಬಸುರಿ ಸುಡುತ್ತಿದ್ದಾಳೆ, ನಿಮಗೆ ಒಳ್ಳೆಯ ಕೈ ಎಂಬ ಹೆಸರಿನ ಚಿಂತೆ! ಎರಡನೇ ಸಲ ಓದಿದಾಗ ಆ ಹೇಸಿಗೆ ನನ್ನ ಕಡೆಗೇ ತಿರುಗಿತು. ಮರದ ಕೆಳಗೆ ಬಸ್ಸಿಳಿದ ದಿನ ನಾನು ಚೀಲಗಳನ್ನು ನೋಡಿದ್ದೆ. ಬಾಯಿ ಸಡಿಲವಾದ ಒಂದು ಚೀಲದಿಂದ ಆಡಿನ ಮರಿಯ ಗೊರಸು ಇಣುಕುತ್ತಿದ್ದದ್ದೂ ಕಂಡಿತ್ತು. ಗೊರಸು ಚಿಕ್ಕದು, ಕರುವಿನದಲ್ಲ. ಹತ್ತು ವರ್ಷ ಇದನ್ನೇ ಓದಿದವಳು ನಾನು, ಅಲ್ಲೇ ನಿಂತು ‘ಇದೇನು’ ಎಂದು ಕೇಳಬೇಕಿತ್ತು. ನಾತಕ್ಕೆ ಹೆದರಿ ಮುಖ ತಿರುಗಿಸಿದೆ. ದಿಂಡಿಗಲ್ಲಿಗೆ ಹೋಗಿ ಮರೆತೂ ಬಿಟ್ಟೆ. ಕೇಳಿದ್ದರೆ ಚೀಲ ಹರಿಯುವ ಮೊದಲೇ ಇಳಿಸಬಹುದಿತ್ತು, ಪಿಚ್ಚೈ ಇವತ್ತು ಟೀ ಕಾಯಿಸುತ್ತಿರುತ್ತಿದ್ದ. ಫೈಲಿನಲ್ಲಿ ಧೂಳು ಎಂದು ಬರೆದವನನ್ನು ನೋಡಿ ಉಗಿಯಬೇಕು ಅಂದುಕೊಂಡೆನಲ್ಲ, ಅದು ಧೂಳೇ ಆಗಿತ್ತು. ಎಲ್ಲಿಯದು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಸರಿಯಾಗಿ ಓದಿ. ಚೀಲಗಳನ್ನು ಯಾರೂ ಮುಟ್ಟಬೇಡಿ. ಜೀಪು, ಬಸ್ಸು ಬೇರೆ ಕಡೆ ನಿಲ್ಲಲು ಹೇಳಿದ್ದೇನೆ. ಮೊದಲು ಬ್ಲೀಚಿಂಗ್ ನೀರಲ್ಲಿ ಚೀಲಗಳನ್ನು ಪೂರ್ತಿ ನೆನೆಸಬೇಕು, ಒಣಗಿದ್ದಾಗ ಅಲ್ಲಾಡಿಸಿದರೆ ಇನ್ನಷ್ಟು ಹರಡುತ್ತದೆ. ಆಮೇಲೆ ಆಳದ ಗುಂಡಿ, ಸುಣ್ಣ. ಮೇಲಿನವರು “ಕಸದವರು ಇಬ್ಬರನ್ನು ಕಳಿಸಿ, ದೋಟಿಯಲ್ಲಿ ಎಳೆದುಹಾಕಲಿ” ಎನ್ನುತ್ತಾರೆ. ಅವರಿಗೆ ಮಾಸ್ಕ್ ಎಂದರೆ ಕರ್ಚೀಫು. ನಾನು ಒಪ್ಪಿಲ್ಲ. ಸೋಮವಾರ ಒಳ್ಳೆಯ ಮಾಸ್ಕು, ಸೂಟು ತಂದು ನಾನೇ ನಿಂತು ಮಾಡಿಸುತ್ತೇನೆ. ಅಲ್ಲಿಯವರೆಗೆ ಕಾಯಿರಿ.

ಇಂದುಜಾ


ಕೊಂಬೈ
26 ಜುಲೈ 2025

ಮಗಳೇ,

ನಾನು ಕಾಯಲಿಲ್ಲ. ನಿನ್ನೆ ಬೆಳಗ್ಗೆಯೇ ಕಸ ಎತ್ತುವ ವೇಲು ಇನ್ನೊಬ್ಬನ ಜೊತೆ ದೋಟಿ ಹಿಡಿದು ಬಂದು ನಿಂತಿದ್ದ. ಮೂಗಿಗೆ ಕರ್ಚೀಫು ಕಟ್ಟಿದ್ದ. ಮೇಲಿನವರು ಸೋಮವಾರದವರೆಗೆ ಕಾಯುವುದಿಲ್ಲ ಅಂದರಂತೆ. ವೇಲುವಿಗೆ ಎರಡು ಸಣ್ಣ ಮಕ್ಕಳು. ನಾನು ದೋಟಿ ಕಿತ್ತುಕೊಂಡೆ. “ಅಯ್ಯಾ, ಇದು ನಮ್ ವೇಲೆ, ನಮ್ ಕೆಲ್ಸ, ನೀವ್ ಬಿಡಿ” ಎಂದು ಕಿವಿಗೆ ಕೂಗಿದ. “ಕಟ್ಟಿದ್ದು ನಾನಪ್ಪಾ, ಬಿಚ್ಚೋದೂ ನಾನೇ. ನೀವು ದೂರ ಹೋಗಿ” ಅಂದೆ.

ನೀನು ಹೇಳಿದ ಹಾಗೆಯೇ ಮಾಡಿದೆ. ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪಿನಲ್ಲಿ ಬ್ಲೀಚಿಂಗ್ ನೀರು ತುಂಬಿ, ತೊಟ್ಟಿಕ್ಕುವತನಕ ಮೆಲ್ಲಗೆ ನೆನೆಸಿದೆ. ಮೂಗಿಗೆ ಕಟ್ಟಲು ಹುಡುಕಿದರೆ ಕೈಗೆ ಸಿಕ್ಕಿದ್ದು ನೀನು ಬಿಟ್ಟು ಹೋದ ದುಪಟ್ಟಾ. ನಾಲ್ಕು ಮಡಿಕೆ ಮಾಡಿ ಕಟ್ಟಿಕೊಂಡು ಏಣಿ ಹತ್ತಿದೆ.

ಅರವತ್ತೆಂಟು ವರ್ಷದಲ್ಲಿ ಮೈಸೂರಿನ ಎಂಟು ಬಿಟ್ಟರೆ ಹಟ್ಟಿಯಲ್ಲೇ ಬದುಕಿದವನು ನಾನು. ನನಗೆ ನಾತ ಅನ್ನುವುದೇ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯಿತು. ನೆನೆದ ಚೀಲದ ತಳ ಒಡೆದು ಒಳಗಿದ್ದದ್ದು ಮೊಣಕೈವರೆಗೆ ಜಾರಿತು. ಹುಳು, ಕೂದಲು, ಸಣ್ಣ ಸಣ್ಣ ಮೂಳೆ. ಇಳಿದು ಬೇಲಿಗೆ ಒರಗಿ ವಾಂತಿ ಮಾಡಿದೆ. ಮತ್ತೆ ಹತ್ತಿದೆ. ಪ್ರತಿ ಚೀಲಕ್ಕೂ ಒಂದೊಂದು ಸಲ ಇಳಿದು ವಾಂತಿ ಮಾಡಿದೆ. ಹನ್ನೊಂದು ಚೀಲ, ಹಸುವಿನ ಒಂಬತ್ತು ಗಂಟು. ಎಲ್ಲ ಹೂತು ಸುಣ್ಣ ಹಾಕಿ ಮೇಲೆ ಕಲ್ಲು ಹೇರಿದೆ. ದುಪಟ್ಟಾ ಕೂಡ ಹೂತೆ. ನಿನಗೆ ಬೇರೆ ತೆಗೆದುಕೊಡುತ್ತೇನೆ.

ಅವತ್ತು ನೀನು ಮುಖ ತಿರುಗಿಸಿದ್ದಕ್ಕೆ ಈಗ ನನಗೆ ಸಿಟ್ಟಿಲ್ಲ.

ಮಗು ಹೇಗಿದೆ? ನಿಜ ಬರೆ.

ದೊಡ್ಡಪ್ಪ


ತೇನಿ
29 ಆಗಸ್ಟ್ 2025

ದೊಡ್ಡಪ್ಪ,

ರಾಮ್‌ಕುಮಾರ ಆಗಲೇ ಫೋಟೋ ತೋರಿಸಿರುತ್ತಾನೆ. ಹೆಣ್ಣು ಮಗು. ತಿಂಗಳು ತುಂಬುವ ಮೊದಲೇ ಬಂದಿದೆ, ಒಂದು ಮುಕ್ಕಾಲು ಕೆಜಿಗೂ ಒಂದಿಷ್ಟು ಕಡಿಮೆ. ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ತಾನೇ ಉಸಿರಾಡುತ್ತಿದೆ. ಇವತ್ತು ಡಾಕ್ಟರೇ ಹೇಳಿದರು, ಉಳಿಯುತ್ತದೆ. ಅಮುದಾ ಎದ್ದು ಕೂತು ಕಾಫಿ ಕೇಳಿದಳು.

ಹೆರಿಗೆ ಕೋಣೆಯಲ್ಲಿ ನಾನೂ ಇದ್ದೆ. ಮಾಸನ್ನು ಪರೀಕ್ಷೆಗೆ ತೆಗೆಯಬೇಕಿತ್ತು. ಬೇರೆ ಯಾರಿಗೂ ಕೊಡದೆ ನಾನೇ ತೆಗೆದೆ. ಕೈಯಲ್ಲಿ ಬೆಚ್ಚಗಿತ್ತು. ಮುಖ ತಿರುಗಿಸಲಿಲ್ಲ. ಅದರಲ್ಲೂ ಆ ಬ್ಯಾಕ್ಟೀರಿಯಾ ಇತ್ತು. ಮಗುವಿನ ರಕ್ತದಲ್ಲಿ ಇಲ್ಲ. ಚೀಲ ಇಳಿಸಿದ ಮೇಲೆ ತೆಗೆದ ನಿಮ್ಮ ರಕ್ತದಲ್ಲಿ ಇದೆ, ಮಾತ್ರೆ ತಪ್ಪಿಸಬೇಡಿ. ಆಡುಗಳನ್ನು ಬೇರೆ ಇಡಿ, ಹಾಲು ಕಾಯಿಸದೆ ಯಾರೂ ಕುಡಿಯಬಾರದು.

ಗುಂಡಿ ಮುಚ್ಚಿ ಐದು ವಾರವಾಯಿತು, ಕಡೆಯ ಎರಡು ವಾರದಲ್ಲಿ ಹೊಸದಾಗಿ ಒಬ್ಬರಿಗೂ ಬಂದಿಲ್ಲ. ಹದಿನಾಲ್ಕಕ್ಕೆ ನಿಂತಿತು. ವರದಿ ಬರೆದು ಮುಗಿಸಿದೆ. ಮೂಲ: ಬಸ್ ಸ್ಟಾಪಿನ ಆಲದ ಮರ, ಆಡಿನ ಮಾಸು. ನಿಮ್ಮ ಹೆಸರು ಬರೆದಿಲ್ಲ. ಯಾರ ಹೆಸರನ್ನೂ ಬರೆಯಬಾರದೆಂದು ನಿಯಮವೇ ಇದೆ. ಆ ನಿಯಮ ಇದೆಯಲ್ಲ ಎಂದು ನನಗೆ ಆದ ನೆಮ್ಮದಿಯನ್ನು ನೋಡಿ ನನಗೇ ಅಸಹ್ಯವಾಯಿತು. ಆದರೂ ಹೇಳುತ್ತೇನೆ, ನೀವೂ ಊರಲ್ಲಿ ಬಾಯಿ ಬಿಡಬೇಡಿ. ಚೀಲ ಇಳಿಸಿದ್ದನ್ನು ಜನ ಉಪಕಾರ ಎಂದೇ ತಿಳಿದಿದ್ದಾರೆ. ಹಾಗೇ ಇರಲಿ. ಮಗು ಆ ಊರಿನಲ್ಲೇ ಬೆಳೆಯಬೇಕು.

ಇಂದುಜಾ


ಕೊಂಬೈ
14 ಸೆಪ್ಟೆಂಬರ್ 2025

ಮಗಳು ಇಂದುಜಾಗೆ,

ಮಗುವನ್ನು ಬುಧವಾರ ಮನೆಗೆ ಕರೆತಂದರು. ನನ್ನ ಅಂಗೈಗಿಂತ ಒಂದಿಷ್ಟು ದೊಡ್ಡದು. ಅಳುತ್ತದೆಯಂತೆ. ನನಗೆ ಕೇಳಿಸುವುದಿಲ್ಲ, ಬಾಯಿ ತೆರೆಯುವುದು ಕಾಣಿಸುತ್ತದೆ.

ಮೊನ್ನೆ ಪಿಚ್ಚೈಯ ಹೆಂಡತಿ ವೀರಮ್ಮಾಳ್ ಹೇಳಿ ಕಳಿಸಿದಳು. ಅವಳ ಹಸು ಕರು ಹಾಕಿತ್ತು. ಈಗ ಅವಳಿಗೆ ಆ ಹಸುವಿನ ಹಾಲೊಂದೇ ಜೀವನ. ಬಂದು ಮಾಸು ಕಟ್ಟಿಕೊಡಿ ಎಂದು ಕರೆದಿದ್ದಳು. ಬಾಯಿ ಬಿಡಬೇಡಿ ಎಂಬ ನಿನ್ನ ಮಾತು ಜೇಬಿನಲ್ಲೇ ಇತ್ತು, ಕಾಗದವನ್ನು ಎರಡು ಸಲ ತೆಗೆದು ಓದಿಕೊಂಡೆ. ಆಮೇಲೆ ಗುದ್ದಲಿ, ಸುಣ್ಣದ ಡಬ್ಬಿ ತೆಗೆದುಕೊಂಡು ಹೋದೆ.

ಇನ್ನು ಕಟ್ಟುವುದಿಲ್ಲಮ್ಮಾ, ಹೂಳುತ್ತೇನೆ ಅಂದೆ. ಯಾಕೆ ಅಂದಳು. ಹೇಳಿದೆ. ಹನ್ನೊಂದು ಆಡು, ಯೂರಿಯಾ ಚೀಲ, ಅವಳ ಗಂಡ ಗ್ಲಾಸಿಗೆ ಕೈ ಅಡ್ಡ ಹಿಡಿದದ್ದು, ನಾನು ನಕ್ಕದ್ದು, ಎಲ್ಲ. ನನ್ನ ಮೊಮ್ಮಗಳು ಉಳಿದಳು ಎಂಬುದನ್ನೂ ಬಿಡಲಿಲ್ಲ.

ಅವಳು ಹಸುವಿನ ಹಗ್ಗ ಕೈಬಿಟ್ಟಳು. ಆಮೇಲೆ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಹತ್ತಿರ ಬಂದು ನನ್ನ ಮುಖಕ್ಕೆ ಉಗಿದಳು.

ನಾನು ಒರೆಸಿಕೊಳ್ಳಲಿಲ್ಲ. ಹಸುವಿನ ಹಿಂದೆ ಮೆತ್ತನೆ ನೆಲ ನೋಡಿ ಗುಂಡಿ ತೋಡಲು ಶುರು ಮಾಡಿದೆ. ಸೊಂಟದುದ್ದ ಆಗುವವರೆಗೆ ತಲೆ ಎತ್ತಲಿಲ್ಲ. ಎತ್ತಿದಾಗ ಅವಳು ಮೂಗಿಗೆ ಸೆರಗು ಕಟ್ಟಿಕೊಂಡು, ಮಾಸಿನ ಬಕೆಟ್ಟು ಹಿಡಿದು ಗುಂಡಿಯ ಅಂಚಿನಲ್ಲಿ ನಿಂತಿದ್ದಳು.

ದೊಡ್ಡಪ್ಪ
ಕರುಪ್ಪಯ್ಯ